ಸಾಕಿದ ಸಿಗಡಿಗಳು ಒಮ್ಮೆಲೇ ಸತ್ತದ್ದು ಯಾಕೆ?

ಮಕ್ಕಳೇ, ಕಳೆದ ಆಟಿ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಒಂದು ಜಾಮಿನ ಬಾಟಲಿ. ಅದರ ನೀರಿನ ಅಡಿಯಲ್ಲಿ ಹತ್ತು ಹನ್ನೆರಡು ಪುಟ್ಟ ಕೆಂಪು ಸಿಗಡಿಗಳು ಬಿದ್ದಿದ್ದವು. ಬೇಯಿಸಿದ ಎಟ್ಟಿಯ ಹಾಗೆ ಬಣ್ಣ ಬಿಳಿಚಿ ಗುಲಾಬಿಯಾಗಿತ್ತು. ಎಲ್ಲವೂ ಸತ್ತಿದ್ದವು.

"ಸರ್, ಇದು ಸ್ವಲ್ಪ ಮಾತ್ರ. ಮನೆಯಲ್ಲಿ ಇನ್ನೂ ಉಂಟು. ನಲ್ವತ್ತರಲ್ಲಿ ಆರೇ ಉಳಿದದ್ದು" ಎಂದ. ಮಾತು ಮುಗಿಸುವಾಗ ಗಂಟಲು ಕಟ್ಟಿತ್ತು.

ಅಡೂರಿನ ಅವನ ಮನೆಯಲ್ಲಿ ಐದು ತಿಂಗಳಿಂದ ಒಂದು ಗಾಜಿನ ತೊಟ್ಟಿ ಇತ್ತು. ಸುಮಾರು 30 ಲೀಟರು ನೀರು ಹಿಡಿಯುವಂಥದ್ದು. ವಿಷುವಿಗೆ ಸಿಕ್ಕಿದ ಹಣದಲ್ಲಿ ಹತ್ತು ಚೆರಿ ಸಿಗಡಿ ತಂದು ಬಿಟ್ಟಿದ್ದ. ಅವು ಮರಿ ಹಾಕಿ ನಲ್ವತ್ತಾಗಿದ್ದವು. ಶನಿವಾರ ಸಂಜೆಯವರೆಗೆ ಎಲ್ಲ ಸರಿ ಇತ್ತು. ಭಾನುವಾರ ಬೆಳಿಗ್ಗೆ ಹನ್ನೊಂದು ಸತ್ತಿದ್ದವು, ಸಂಜೆಗೆ ಇಪ್ಪತ್ತನಾಲ್ಕು, ಸೋಮವಾರ ಬೆಳಿಗ್ಗೆ ಮೂವತ್ತನಾಲ್ಕು.

ಮನೆಯಲ್ಲಿ ಆಗಲೇ ನಾಲ್ಕು ಕಾರಣ ತಯಾರಾಗಿದ್ದವು. ಅಜ್ಜಿಯ ಪ್ರಕಾರ ನೆಂಟರ ಕಣ್ಣು ಬಿದ್ದದ್ದು. ಅಕ್ಕನ ಪ್ರಕಾರ ಶನಿವಾರ ರಾತ್ರಿ ಕರೆಂಟು ಹೋಗಿ ಗಾಳಿಯ ಮೋಟರು ನಿಂತದ್ದು. ಅಪ್ಪನ ಪ್ರಕಾರ ತಿಂಡಿ ಹೆಚ್ಚಾದದ್ದು. ಹುಡುಗನ ಪ್ರಕಾರ ಅಂಗಡಿಯವರು ಕೊಟ್ಟ ಜಾತಿಯೇ ಸರಿ ಇಲ್ಲ. ಅಜ್ಜಿಯ ಕಾರಣವನ್ನು ಪರೀಕ್ಷೆ ಮಾಡಲಿಕ್ಕೆ ನನ್ನಲ್ಲಿ ಉಪಕರಣ ಇಲ್ಲ. ಉಳಿದ ಮೂರನ್ನು ನೋಡೋಣ ಎಂದೆ.

ಆದರೆ ಮೊದಲು ಮಾಡಬೇಕಾದದ್ದು ಕಾರಣ ಹುಡುಕುವ ಕೆಲಸ ಅಲ್ಲ, ಉಳಿದ ಆರನ್ನು ಉಳಿಸುವ ಕೆಲಸ. ಅದನ್ನು ಅವನಿಗೆ ಮನೆಗೆ ಫೋನ್ ಮಾಡಿಸಿಯೇ ಹೇಳಿದ್ದಾಯ್ತು: ಸತ್ತವುಗಳನ್ನೆಲ್ಲ ತೆಗೆಯಬೇಕು, ಗಾಳಿ ಜೋರಾಗಿ ಬಿಡಬೇಕು, ತಿಂಡಿ ಹಾಕಬಾರದು, ಯಾವ ಮದ್ದೂ ಹಾಕಬಾರದು. ಸತ್ತ ಸಿಗಡಿ ಕೊಳೆತರೆ ಅಮೋನಿಯಾ ಬರುತ್ತದೆ. ಅದು ಬದುಕಿದವುಗಳನ್ನೂ ಎಳೆದುಕೊಂಡು ಹೋಗುತ್ತದೆ. ಗಾಬರಿಯಲ್ಲಿ ಅಂಗಡಿಯಿಂದ ಮೀನಿನ ಮದ್ದು ತಂದು ಸುರಿಯುವವರು ಬಹಳ. ಮೀನಿನ ಕೆಲವು ಮದ್ದುಗಳಲ್ಲಿ ತಾಮ್ರ ಇರುತ್ತದೆ. ಆ ತಾಮ್ರ ಸಿಗಡಿಗೆ ಏನು ಮಾಡುತ್ತದೆ ಎಂಬುದು ಮುಂದೆ ಬರುತ್ತದೆ.

ಸಂಜೆ ಅವನ ಮನೆಗೆ ಹೋದೆ. ತೊಟ್ಟಿಯನ್ನು ನೋಡಿದ ಕೂಡಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಅವನು ಹೇಳಲು ಮರೆತದ್ದು ಅದು: ತೊಟ್ಟಿಯಲ್ಲಿ ಎರಡು ಗಪ್ಪಿ ಮೀನುಗಳೂ ಇದ್ದವು. ಎರಡೂ ಆರಾಮವಾಗಿ ಈಜುತ್ತಿದ್ದವು. ಗಾಜಿಗೆ ಅಂಟಿಕೊಂಡಿರಬೇಕಾದ ಸಣ್ಣ ಬಸವನಹುಳುಗಳು ಮಾತ್ರ ಅಡಿಯ ಮರಳಿನಲ್ಲಿ ಬಾಯಿ ಮುಚ್ಚಿ ಬಿದ್ದಿದ್ದವು. ಒಂದನ್ನು ತೆಗೆದು ಮೂಸಿ ನೋಡಿದೆ. ಸತ್ತು ಎರಡು ದಿನ ಆದ ವಾಸನೆ.

ಸಿಗಡಿ ಸತ್ತಿದೆ, ಬಸವನಹುಳು ಸತ್ತಿದೆ, ಮೀನು ಬದುಕಿದೆ. ಈ ಮೂರು ಸಾಲನ್ನು ಪುಸ್ತಕದಲ್ಲಿ ಬರೆಸಿದೆ. ಉತ್ತರದ ಅರ್ಧ ಭಾಗ ಇದರಲ್ಲೇ ಉಂಟು.

ಆಮ್ಲಜನಕ ಕಡಿಮೆಯಾಗಿದ್ದರೆ ಗಪ್ಪಿಗಳು ಮೊದಲೇ ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದವು. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು, ನೀರು ಬಿಸಿಯಾದಷ್ಟೂ ಇದು ಕಡಿಮೆ. ಕರೆಂಟು ಹೋಗಿ ತೊಂದರೆಯಾಗುವುದು ಹೆಚ್ಚಾಗಿ ಏಪ್ರಿಲ್ ಮೇ ತಿಂಗಳ ಸೆಕೆಯ ರಾತ್ರಿಗಳಲ್ಲಿ, ತೊಟ್ಟಿ ತುಂಬ ಪ್ರಾಣಿಗಳಿದ್ದಾಗ. ಆಟಿಯ ಚಳಿ ಮಳೆಯಲ್ಲಿ ನಲ್ವತ್ತು ಪುಟ್ಟ ಸಿಗಡಿಗಳಿಗೆ ಒಂದು ರಾತ್ರಿಯ ಗಾಳಿ ಇಲ್ಲದಿದ್ದರೂ ನಡೆಯುತ್ತದೆ. ಅಕ್ಕನ ಕಾರಣ ಬಿತ್ತು.

ತಿಂಡಿ ಹೆಚ್ಚಾಗಿ ಅಮೋನಿಯಾ ಆಗಿದ್ದರೆ? ಅದು ಮೀನಿನ ಕಿವಿರನ್ನೂ ಸುಡುತ್ತದೆ. ಅಲ್ಲದೆ ಈ ತೊಟ್ಟಿಗೆ ಐದು ತಿಂಗಳು ಆಗಿದೆ. ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯಾಗಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಐದು ತಿಂಗಳ ತೊಟ್ಟಿಯಲ್ಲಿ ಅವು ಸಾಕಷ್ಟು ಇರುತ್ತವೆ. ನಿಮ್ಮಲ್ಲಿ ಯಾರಾದರೂ ತೊಟ್ಟಿ ತಂದ ದಿನವೇ ಸಿಗಡಿ ಬಿಟ್ಟು, ಹತ್ತು ದಿನದಲ್ಲಿ ಎಲ್ಲವನ್ನೂ ಕಳಕೊಂಡಿದ್ದರೆ ಕಾರಣ ಇದೇ, ಬೇರೆ ಹುಡುಕುವುದು ಬೇಡ. ಆದರೆ ಈ ಹುಡುಗನ ಕಥೆ ಅದಲ್ಲ. ಅಪ್ಪನ ಕಾರಣವೂ ಬಿತ್ತು.

ಜಾತಿ ಸರಿ ಇಲ್ಲದ್ದಾದರೆ ಒಂದೊಂದಾಗಿ, ವಾರಗಟ್ಟಲೆ ಸಾಯಬೇಕು. ಚೆರಿ ಸಿಗಡಿಯ ಆಯುಷ್ಯವೇ ಒಂದರಿಂದ ಎರಡು ವರ್ಷ. ಹಾಗಾಗಿ ದೊಡ್ಡ ಹಿಂಡಿನಲ್ಲಿ ಆಗಾಗ ಒಂದು ಸತ್ತರೆ ಅದು ಲೆಕ್ಕಕ್ಕಿಲ್ಲ. ಒಂದೂವರೆ ದಿನದಲ್ಲಿ ದೊಡ್ಡದು ಸಣ್ಣದು ಎನ್ನದೆ ಸತ್ತಿದೆ ಎಂದರೆ ನೀರಿಗೆ ಏನೋ ಹೊಸದಾಗಿ ಬಂದು ಸೇರಿದೆ.

ಕೀಟನಾಶಕವೇ? ನನಗೂ ಮೊದಲು ಬಂದ ಸಂಶಯ ಅದು. ಸಿಗಡಿ, ಏಡಿ, ಜಿರಳೆ, ಸೊಳ್ಳೆ ಎಲ್ಲ ಒಂದೇ ವಂಶ, ಸಂಧಿಪದಿಗಳು. ಸೊಳ್ಳೆಯ ನರವನ್ನು ಕೆಡಿಸಲು ಮಾಡಿದ ಮದ್ದು ಸಿಗಡಿಯ ನರವನ್ನೂ ಕೆಡಿಸುತ್ತದೆ. ಜಿರಳೆಗೆ ಸ್ಪ್ರೇ ಹೊಡೆದ ಕೈಯನ್ನು ತೊಟ್ಟಿಗೆ ಹಾಕಿದರೆ ಸಾಕು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಚಹಾ ಸೊಳ್ಳೆಗೆಂದು 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ಎಣ್ಮಕಜೆ, ಕಾರಡ್ಕ, ಮುಳಿಯಾರಿನ ತೋಡುಗಳಿಗೂ ಬಾವಿಗಳಿಗೂ ಮನುಷ್ಯರಿಗೂ ತಲುಪಿತು. ಆ ಮದ್ದು ಮೀನಿಗೆ, ಸಿಗಡಿಗೆ ಅತಿ ವಿಷ. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ದೇಶದಲ್ಲೇ ಅದನ್ನು ತಡೆಯಿತು. ಆದರೆ ಗಮನಿಸಿ: ಈಗ ಮನೆಗಳಲ್ಲಿ ಬಳಸುವ ಸೊಳ್ಳೆ, ಜಿರಳೆ ಮದ್ದುಗಳೂ ಮೀನಿಗೆ ಬಹಳ ವಿಷವೇ, ಬಸವನಹುಳು ಅವುಗಳನ್ನು ಒಂದಷ್ಟು ತಡೆದುಕೊಳ್ಳುತ್ತದೆ. ಇಲ್ಲಿ ಆದದ್ದು ತಿರುಗಮುರುಗ. ಬಸವನಹುಳು ಸತ್ತು ಮೀನು ಉಳಿದಿದೆ.

ಬಸವನಹುಳುವನ್ನೂ ಸಿಗಡಿಯನ್ನೂ ಒಟ್ಟಿಗೆ ಕೊಂದು, ದೊಡ್ಡ ಮೀನನ್ನು ಅಷ್ಟೇ ಪ್ರಮಾಣದಲ್ಲಿ ಬಿಟ್ಟುಬಿಡುವ ಒಂದು ವಸ್ತು ನಮ್ಮ ಊರಿನ ಪ್ರತಿ ಅಡಿಕೆ ತೋಟದ ಮನೆಯಲ್ಲೂ ಉಂಟು. ತಾಮ್ರ.

"ಶನಿವಾರ ಎಂತ ಹಾಕಿದ್ದು ಮಾರಾಯ, ಸರಿ ನೆನಪು ಮಾಡಿ ಹೇಳು."

"ಎಂತದೂ ಹಾಕ್ಲಿಲ್ಲ ಸರ್. ನೀರು ಮಾತ್ರ ಬದಲು ಮಾಡಿದ್ದು. ಐದು ಲೀಟರು."

"ಯಾವ ನೀರು?"

"ಸುರಂಗದ್ದು. ಯಾವಾಗಲೂ ಅದೇ."

"ಯಾವುದರಲ್ಲಿ ತಂದದ್ದು?"

ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ಹಟ್ಟಿಯ ಕಡೆ ನೋಡಿದರು. ಅಲ್ಲಿ ಗೋಡೆಗೆ ಒರಗಿಸಿಟ್ಟ ಹಸಿರು ಬಾಲ್ದಿಯ ಅಡಿಯಲ್ಲಿ, ಮೂಲೆಗೆ, ತಿಳಿನೀಲಿ ಬಣ್ಣದ ಒಣಗಿದ ಪುಡಿ ಅಂಟಿಕೊಂಡಿತ್ತು. ಗುರುವಾರ ಮತ್ತು ಶುಕ್ರವಾರ ಮಳೆ ಸ್ವಲ್ಪ ಬಿಟ್ಟಾಗ ಎರಡನೇ ಸಲದ ಮದ್ದು ಬಿಟ್ಟಿದ್ದರು. ಶುಕ್ರವಾರ ಸಂಜೆ ಬಾಲ್ದಿಯನ್ನು "ತೊಳೆದೇ ಇಟ್ಟದ್ದು."

ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ನಿಮಗೆಲ್ಲ ಗೊತ್ತು. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹೆಸರು ಫ್ರಾನ್ಸಿನ ಬೋರ್ಡೋ ಎಂಬ ಊರಿನದ್ದು. ಅಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಕದಿಯಬಾರದೆಂದು ಬೆಳೆಗಾರರು ಬಳ್ಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗೆ ರೋಗ ಬರಲಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಹೆದರಿ ಹುಟ್ಟಿದ ಮದ್ದು ನಮ್ಮ ಅಡಿಕೆಯನ್ನು ನೂರಕ್ಕೂ ಹೆಚ್ಚು ವರ್ಷದಿಂದ ಕಾಯುತ್ತಾ ಬಂದಿದೆ. ಅದನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ.

ಈಗ ಲೆಕ್ಕ. ಮೈಲುತುತ್ತಿನ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. ಆದ್ದರಿಂದ 100 ಲೀಟರು ದ್ರಾವಣದಲ್ಲಿ 250 ಗ್ರಾಂ, ಒಂದು ಲೀಟರಿನಲ್ಲಿ 2.5 ಗ್ರಾಂ ತಾಮ್ರ. ಬಾಲ್ದಿಯ ಅಡಿಯಲ್ಲಿ ಒಂದು ಚಮಚ, ಅಂದರೆ 5 ಮಿಲಿಲೀಟರು ದ್ರಾವಣ ಉಳಿದು ಒಣಗಿದೆ ಎನ್ನಿ. ಅದರಲ್ಲಿ 12.5 ಮಿಲಿಗ್ರಾಂ ತಾಮ್ರ. 30 ಲೀಟರಿನ ತೊಟ್ಟಿಗೆ ಅದು ಸೇರಿದರೆ ಲೀಟರಿಗೆ 0.4 ಮಿಲಿಗ್ರಾಂ.

ಇದು ಹೆಚ್ಚೋ ಕಡಿಮೆಯೋ? ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಇರಬಹುದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೂ ಒಪ್ಪುತ್ತಾರೆ. ಅಂದರೆ ಮನುಷ್ಯ ಕುಡಿದು ಬದುಕುವ ನೀರು ಅದು. ಮೆದು ನೀರಿನಲ್ಲಿರುವ ಸಣ್ಣ ಸಿಗಡಿಗಳಿಗೆ 0.1 ಮಿಲಿಗ್ರಾಂಗಿಂತ ಕಡಿಮೆಯೂ ಸಾವು ತರಬಹುದು. "ನಾವೇ ಕುಡಿಯುವ ನೀರು ಸರ್, ಸಿಗಡಿಗೆ ಹೇಗೆ ವಿಷ ಆಗ್ತದೆ?" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ನಮ್ಮ ಮೈಯೊಳಗೆ ನೀರು ಹೊಟ್ಟೆಯ ದಾರಿಯಲ್ಲಿ ಹೋಗುತ್ತದೆ, ಹೆಚ್ಚಾದ ತಾಮ್ರವನ್ನು ಯಕೃತ್ತು ಹೊರಗೆ ಹಾಕುತ್ತದೆ. ಸಿಗಡಿ ಹಗಲೂ ರಾತ್ರಿಯೂ ಕಿವಿರಿನ ತೆಳು ಪದರದ ಮೇಲೆ ಅದೇ ನೀರನ್ನು ಹರಿಸುತ್ತಾ ಇರಬೇಕು. ತಾಮ್ರ ಆ ಪದರಕ್ಕೆ ಅಂಟಿ, ಮೈಯೊಳಗಿನ ಲವಣಗಳನ್ನು ಹಿಡಿದಿಡುವ ಕೆಲಸವನ್ನೇ ನಿಲ್ಲಿಸುತ್ತದೆ.

ತಮಾಷೆ ಎಂದರೆ ಸಿಗಡಿಯ ರಕ್ತದಲ್ಲೂ ತಾಮ್ರ ಉಂಟು! ನಮ್ಮ ರಕ್ತದ ಹೀಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇರುವ ಹಾಗೆ ಅವುಗಳ ಹೀಮೋಸಯನಿನ್‌ನಲ್ಲಿ ತಾಮ್ರ. ಆಮ್ಲಜನಕ ಸೇರಿದಾಗ ಅದು ನೀಲಿಯಾಗುತ್ತದೆ. ಬೇಕಾದದ್ದು ಅಳತೆ ಮೀರಿ ಬಂದರೆ ಹೀಗೆ.

ಇಲ್ಲಿ ನಮ್ಮ ನೆಲದ ಪಾತ್ರವೂ ಉಂಟು. ಬೋರ್ಡೋ ದ್ರಾವಣದಲ್ಲಿ ಸುಣ್ಣ ಹಾಕುವುದೇ ತಾಮ್ರ ಸುಲಭದಲ್ಲಿ ಕರಗದೆ ಎಲೆಗೆ, ಗೊನೆಗೆ ಅಂಟಿ ನಿಲ್ಲಲಿ ಎಂದು. ಆದರೆ ಮುರಕಲ್ಲಿನ ಗುಡ್ಡದ ಒಳಗಿಂದ ಒಸರಿ ಬರುವ ಸುರಂಗದ ನೀರು ಸ್ವಲ್ಪ ಹುಳಿ, ಪಿಎಚ್ ಏಳಕ್ಕಿಂತ ಕೆಳಗೆ ಇರುವುದೇ ಹೆಚ್ಚು. ಹುಳಿ ನೀರಿನಲ್ಲಿ ತಾಮ್ರ ಹೆಚ್ಚು ಕರಗುತ್ತದೆ. ಜೊತೆಗೆ ಅದು ಬಹಳ ಮೆದು ನೀರು, ಕ್ಯಾಲ್ಸಿಯಂ ಕಡಿಮೆ. ಗಡಸು ನೀರಿನಲ್ಲಿದ್ದರೆ ಕ್ಯಾಲ್ಸಿಯಂ ಕಿವಿರಿನ ಮೇಲೆ ಮೊದಲೇ ಜಾಗ ಹಿಡಿದು ತಾಮ್ರವನ್ನು ಒಂದಷ್ಟು ತಡೆಯುತ್ತಿತ್ತು. ನಮ್ಮಲ್ಲಿ ಆ ಕಾವಲೂ ಇಲ್ಲ.

ಇಷ್ಟಾದರೂ ಇದು ಊಹೆಯೇ. ಸಾಕ್ಷಿ ಬೇಕಲ್ಲ? ಹುಡುಗ ಬಾಲ್ದಿಯ ಪುಡಿಯನ್ನು ಕೆರೆದು ಒಂದು ಗ್ಲಾಸಿಗೆ ಹಾಕಿದ. ಎರಡು ಲಿಂಬೆಹಣ್ಣಿನ ರಸ ಹಿಂಡಿ ಕರಗಿಸಿದ. ಮರಳು ಕಾಗದದಿಂದ ಉಜ್ಜಿ ಬಿಳಿ ಮಾಡಿದ ಒಂದು ಕಬ್ಬಿಣದ ಮೊಳೆಯನ್ನು ಅದರಲ್ಲಿ ಮುಳುಗಿಸಿಟ್ಟ. ಇನ್ನೊಂದು ಗ್ಲಾಸಿನಲ್ಲಿ ಬರೇ ಲಿಂಬೆರಸ, ಇನ್ನೊಂದು ಮೊಳೆ. ಮರುದಿನ ಬೆಳಿಗ್ಗೆ ಮೊದಲನೇ ಮೊಳೆಯ ಮೇಲೆ ಕೆಂಪು ಕಂದು ಲೇಪ ಕೂತಿತ್ತು, ಎರಡನೆಯದರಲ್ಲಿ ಇರಲಿಲ್ಲ. ಹತ್ತನೇ ತರಗತಿಯಲ್ಲಿ ನೀವು ಕಲಿಯುವ ಸ್ಥಾನಪಲ್ಲಟ ಕ್ರಿಯೆ ಇದು. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಚುರುಕು, ಅದು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ. ನೀವೂ ಮಾಡಬಹುದು. ಆದರೆ ಅಡುಗೆಯ ಗ್ಲಾಸು ಬೇಡ, ಕೈ ತೊಳೆಯುವುದು ಮರೆಯಬೇಡಿ. ತೊಟ್ಟಿಯ ನೀರಿನಲ್ಲಿ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ತಾಮ್ರ ಅಷ್ಟು ತೆಳು, ಸಿಗಡಿಗೆ ಗೊತ್ತಾಗುತ್ತದೆ, ಮೊಳೆಗೆ ಗೊತ್ತಾಗುವುದಿಲ್ಲ.

ಆ ಆರು ಸಿಗಡಿಗಳನ್ನು ಸೋಮವಾರ ಸಂಜೆಯೇ ಬೇರೆ ಮಾಡಿದೆವು. ಮಾಮೂಲಿಯಾಗಿ ಸಿಗಡಿಯನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಹಾಕುವಾಗ ಅವಸರ ಮಾಡಬಾರದು. ಆಸ್ಪತ್ರೆಯ ಡ್ರಿಪ್ಪಿನ ಹಾಗೆ, ಸಪೂರ ಕೊಳವೆಯಲ್ಲಿ ಗಂಟು ಹಾಕಿ, ಸೆಕೆಂಡಿಗೆ ಎರಡು ಹನಿಯಂತೆ ಹೊಸ ನೀರನ್ನು ಎರಡು ಗಂಟೆ ಇಳಿಸಬೇಕು. ಅಂಗಡಿಯಿಂದ ತಂದ ಕೂಡಲೇ ಪ್ಯಾಕೆಟ್ ಕತ್ತರಿಸಿ ಸುರಿದು, ಎರಡು ಮೂರು ದಿನದಲ್ಲಿ ಕಳಕೊಂಡವರು ಇದನ್ನು ನೆನಪಿಡಿ. ಆದರೆ ಇಲ್ಲಿ ಹಳೇ ನೀರೇ ವಿಷ. ನಿಧಾನಿಸಿದಷ್ಟೂ ನಷ್ಟ. ಹೊಸ ನೀರೂ ಅದೇ ಸುರಂಗದ್ದು, ಬೇರೆ ಸ್ಟೀಲ್ ಪಾತ್ರೆಯಲ್ಲಿ ತಂದದ್ದು. ಆದ್ದರಿಂದ ಅರ್ಧ ಗಂಟೆಗೆ ಮುಗಿಸಿದೆವು. ಸರಿಯೋ ತಪ್ಪೋ ಎಂದು ಆಗ ಗೊತ್ತಿರಲಿಲ್ಲ. ಗಪ್ಪಿಗಳನ್ನೂ ಇನ್ನೊಂದು ಪಾತ್ರೆಗೆ ಹಾಕಿದೆವು.

ಮರುದಿನ ಒಂದು ಸತ್ತಿತು. ಐದು ಉಳಿಯಿತು.

ಅವು ಯಾಕೆ ಉಳಿದವು ಎಂದು ಹುಡುಗ ಕೇಳಿದ. ಖಂಡಿತ ಹೇಳಲಿಕ್ಕೆ ಆಗುವುದಿಲ್ಲ. ಒಂದು ಸಾಧ್ಯತೆ ಪೊರೆ. ಸಿಗಡಿಯ ಹೊರಚಿಪ್ಪು ಬೆಳೆಯುವುದಿಲ್ಲ. ಆದ್ದರಿಂದ ಅದು ಆಗಾಗ ಚಿಪ್ಪು ಕಳಚಿ ಹೊಸದು ಮಾಡಿಕೊಳ್ಳಬೇಕು. ಕಳಚಿದ ಒಂದೆರಡು ದಿನ ಮೈ ಮೆತ್ತಗೆ, ನೀರು ಬೇಗ ಒಳಗೆ ಎಳೆಯುತ್ತದೆ. ಆ ಹೊತ್ತಿನಲ್ಲಿ ಇದ್ದವು ಮೊದಲು ಹೋಗಿರಬಹುದು, ಚಿಪ್ಪು ಗಟ್ಟಿಯಿದ್ದವು ತಡೆದಿರಬಹುದು.

ಪೊರೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಕಳಚಿದ ಪೊರೆಯನ್ನು ಕಂಡು ಸಿಗಡಿ ಸತ್ತಿತೆಂದು ಅಳುವವರೂ ಇದ್ದಾರೆ. ಪೊರೆ ಪಾರದರ್ಶಕ, ಟೊಳ್ಳು. ಅದನ್ನು ತೆಗೆಯಬೇಡಿ, ಸಿಗಡಿಗಳೇ ತಿಂದು ಕ್ಯಾಲ್ಸಿಯಂ ವಾಪಸು ಪಡೆಯುತ್ತವೆ. ಸತ್ತ ಸಿಗಡಿಯ ಕುತ್ತಿಗೆಯ ಹಿಂದೆ ಸುತ್ತಲೂ ಬಿಳಿ ಉಂಗುರ ಕಂಡರೆ ಅದು ಪೊರೆ ಬಿಡಿಸಿಕೊಳ್ಳಲು ಆಗದೆ ಸತ್ತದ್ದು. ನಮ್ಮ ಮೆದು ನೀರಿನಲ್ಲಿ ಇದು ಆಗುವಂಥದ್ದೇ. ಒಮ್ಮೆಗೇ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿದಾಗಲೂ ಆಗುತ್ತದೆ. ಕುದಿಸಿದ ಮೊಟ್ಟೆಯ ಚಿಪ್ಪು, ಅಥವಾ ಚೆನ್ನಾಗಿ ತೊಳೆದ ಎರಡು ಮೂರು ಮರುವಾಯಿ ಚಿಪ್ಪು ತೊಟ್ಟಿಯ ಮೂಲೆಯಲ್ಲಿಟ್ಟರೆ ನಿಧಾನವಾಗಿ ಕ್ಯಾಲ್ಸಿಯಂ ಸಿಗುತ್ತದೆ. ಎರಡೂ ಕ್ಯಾಲ್ಸಿಯಂ ಅಲ್ಲವಾ ಎಂದು ಎಲೆಯಡಿಕೆಯ ಸುಣ್ಣ ಹಾಕಿಬಿಡಬೇಡಿ. ಅದು ನೀರಿನ ಪಿಎಚ್ ಅನ್ನು ಕ್ಷಣದಲ್ಲಿ ಏರಿಸಿ ಎಲ್ಲವನ್ನೂ ಕೊಲ್ಲುತ್ತದೆ.

ಮಳೆಗಾಲದ ಇನ್ನೊಂದು ಅಪಾಯ ಬ್ಲೀಚಿಂಗ್ ಪೌಡರ್. ಇಲಿಜ್ವರ, ಕಾಮಾಲೆ ಬರಬಾರದೆಂದು ಆರೋಗ್ಯ ಕಾರ್ಯಕರ್ತೆಯರು ಬಾವಿಗಳಿಗೆ ಹಾಕುತ್ತಾರೆ. ಹಾಕಲೇಬೇಕು. ಆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು, ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆ ತೊಟ್ಟಿಗೆ ಬಳಸಿ. ತೋಡಿನಿಂದ ಕಿತ್ತು ತಂದ ನೀರುಗಿಡದ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿಗಳು ಬಂದು ದಿನಕ್ಕೊಂದು ಸಿಗಡಿ ಮರಿ ತಿಂದ ಕಥೆಯೂ ಉಂಟು, ಅದು ಇನ್ನೊಮ್ಮೆ.

ಹುಡುಗ ಮೊದಲ ವಾರ "ಇನ್ನು ಬೇಡ ಸರ್, ತೊಟ್ಟಿ ಕೊಟ್ಟುಬಿಡ್ತೇನೆ, ಇದನ್ನು ಹೊಳೆಗೆ ಬಿಡ್ತೇನೆ" ಎಂದಿದ್ದ. ಹೊಳೆಗೆ ಬಿಡುವ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಬೇಡ ಎಂದೆ. ಚೆರಿ ಸಿಗಡಿಯ ಮೂಲ ಊರು ಚೀನಾ, ತೈವಾನ್ ಕಡೆ. ಯಾರೋ ತೊಟ್ಟಿಯಿಂದ ಬಿಟ್ಟದ್ದು ಜರ್ಮನಿಯ, ಜಪಾನಿನ ಹೊಳೆಗಳಲ್ಲಿ ಈಗ ನೆಲೆಯಾಗಿವೆ. ಪಯಸ್ವಿನಿಗೆ ಸೇರುವ ತೋಡುಗಳಲ್ಲಿ ನಮ್ಮದೇ ಸಣ್ಣ ಸಿಗಡಿಗಳು ಕಲ್ಲಿನಡಿಯಲ್ಲಿ, ಬೇರಿನ ಸಂದಿಯಲ್ಲಿ ಬದುಕಿಕೊಂಡಿವೆ. ಅವುಗಳ ಪಾಲಿಗೆ ಹೊಸ ಪೈಪೋಟಿ, ಹೊಸ ರೋಗ ಕೊಡುವುದು ಯಾಕೆ? ಸತ್ತವುಗಳನ್ನೂ ತೋಡಿಗೆ ಎಸೆಯದೆ ತೆಂಗಿನ ಬುಡದಲ್ಲಿ ಹೂತ.

ಆ ಐದು ಸಿಗಡಿಗಳು ಎರಡು ತಿಂಗಳು ಒಂದು ಬಿಳಿ ಬೇಸಿನಿನಲ್ಲಿ ಬದುಕಿದವು. ಒಂದು ಹಿಡಿ ಹೈಡ್ರಿಲ್ಲ, ಒಂದು ಒಣಗಿದ ಕಾಡುಬಾದಾಮಿ ಎಲೆ, ಅಷ್ಟೇ. ಹಳೇ ಮರಳಿನಲ್ಲಿ ತಾಮ್ರ ಕೂತಿರುತ್ತದೆ, ಮತ್ತೆ ಬಿಡುತ್ತದೆ. ಅದಕ್ಕೆ ಮರಳನ್ನು, ಸ್ಪಂಜನ್ನು ಬಿಸಾಡಿ, ಗಾಜನ್ನು ವಿನೆಗರಿನಿಂದ ಒರೆಸಿ ಏಳೆಂಟು ಸಲ ತೊಳೆದು, ಹೊಸದಾಗಿ ನೀರು ತುಂಬಿಸಿ ಆರು ವಾರ ಖಾಲಿ ಬಿಟ್ಟ. ಆಗ ಕಾಯುವುದೇ ಕಷ್ಟ ಆದದ್ದಂತೆ. ನವರಾತ್ರಿಯ ರಜೆಯಲ್ಲಿ ಐದನ್ನೂ ಬಿಟ್ಟ, ಈ ಸಲ ಎರಡು ಗಂಟೆ ಹನಿ ಹನಿಯಾಗಿ. ದೀಪಾವಳಿಯ ಹೊತ್ತಿಗೆ ಒಂದು ಹೆಣ್ಣಿನ ಹೊಟ್ಟೆಯಡಿಯ ಈಜುಗಾಲುಗಳ ನಡುವೆ ಹಳದಿ ಮೊಟ್ಟೆ ಕಂಡಿತು, ಇಪ್ಪತ್ತರಷ್ಟು. ಹೆಚ್ಚುಕಡಿಮೆ ನಾಲ್ಕು ವಾರಕ್ಕೆ ಮರಿಗಳು ಹೊರಬಂದವು. ಮೊಟ್ಟೆಯಿಂದ ಬರುವಾಗಲೇ ಅವು ತಾಯಿಯ ಹಾಗೆಯೇ, ಗಾತ್ರ ಮಾತ್ರ ಎರಡು ಮಿಲಿಮೀಟರು.

ಅವನ ಅಪ್ಪ ಪೇಟೆಯಿಂದ ಹೊಸ ಬಾಲ್ದಿ ತಂದುಕೊಟ್ಟಿದ್ದಾರೆ. ಅದರ ಮೇಲೆ ಬಿಳಿ ಪೇಂಟಿನಲ್ಲಿ "ಸಿಗಡಿ" ಎಂದು ಬರೆದಿದೆ. ಹಟ್ಟಿಯ ಹತ್ತಿರ ಅದನ್ನು ಇಡುವ ಹಾಗಿಲ್ಲ. ತೊಟ್ಟಿಯ ಪಕ್ಕದಲ್ಲಿ ಒಂದು ಪುಸ್ತಕ: ತಾರೀಕು, ಹಾಕಿದ ನೀರು ಎಷ್ಟು, ಎಲ್ಲಿಯದ್ದು, ಯಾವ ಪಾತ್ರೆ, ತೋಟಕ್ಕೆ ಮದ್ದು ಬಿಟ್ಟ ದಿನ.

ಮನೆಯಲ್ಲಿ ಮಾಡಲಿಕ್ಕೆ ಒಂದು ಲೆಕ್ಕ. 30 ಲೀಟರಿನ ತೊಟ್ಟಿಯಲ್ಲಿ ತಾಮ್ರ ಲೀಟರಿಗೆ 0.4 ಮಿಲಿಗ್ರಾಂ ಇದೆ. ದಿನಕ್ಕೆ ಒಂದು ಸಲ 6 ಲೀಟರು ತೆಗೆದು ಅಷ್ಟೇ ಒಳ್ಳೆಯ ನೀರು ಹಾಕುತ್ತಾ ಹೋದರೆ, ಮರಳಿನಿಂದ ಏನೂ ವಾಪಸು ಬರುವುದಿಲ್ಲ ಎಂದಿಟ್ಟುಕೊಂಡರೂ, 0.05ಕ್ಕಿಂತ ಕೆಳಗೆ ಬರಲು ಎಷ್ಟು ದಿನ ಬೇಕು? ಉತ್ತರ ಸಿಕ್ಕಿದಾಗ, ಆ ಸೋಮವಾರ ಸಂಜೆ ನಾವು ನೀರು ಬದಲಿಸುತ್ತಾ ಕೂರದೆ ಸಿಗಡಿಗಳನ್ನೇ ಎತ್ತಿ ಬೇರೆ ಪಾತ್ರೆಗೆ ಹಾಕಿದ್ದು ಯಾಕೆ ಎಂದು ನಿಮಗೇ ಗೊತ್ತಾಗುತ್ತದೆ.